ಹಾಲವ್ವನಿಗೆ ಕೇಳಿಸದ ಮಾತು

ನಮ್ಮ ಊರಲ್ಲಿ ಒಂದು ಮಾತನ್ನು ಯಾರಾದರೂ ಕೊಟ್ಟ ಹೊರತು ಅದು ಕಿವಿಗೆ ಬೀಳುವುದಿಲ್ಲ. ಕೊಡದ ಮಾತನ್ನು ಎದುರಿಗಿದ್ದವರು ಆಡಿದರೆ ತುಟಿ ಆಡುವುದು ಕಾಣುತ್ತದೆ, ಕೊಳಲಿನ ತೂತಿನಲ್ಲಿ ಉಸಿರು ಹಾದಂತೆ ಬರೀ ದನಿ ಬರುತ್ತದೆ, ಮಾತು ಬರುವುದಿಲ್ಲ. ಅದಕ್ಕೇ ನಮ್ಮ ತಾಯಂದಿರು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಮನೆಯೆಲ್ಲ ತಿರುಗುತ್ತಾರೆ. ಅದರ ಅಂಗೈಯನ್ನು ಕಂಬಕ್ಕೆ ಒತ್ತಿ ಕಂಬ ಅನ್ನುತ್ತಾರೆ, ಆರಿದ ಒಲೆಯಲ್ಲಿ ಆಡಿಸಿ ಬೂದಿ ಅನ್ನುತ್ತಾರೆ. ಸಂತೆಯಲ್ಲಿ ವ್ಯಾಪಾರಿಗಳು ಮೊದಲು ಸರಕನ್ನು ಎತ್ತಿ ತೋರಿಸಿ ಆಮೇಲೆ ಕೂಗುತ್ತಾರೆ. ಬೈಗುಳ ಕೊಡದೆ ಬೆಳೆಸಿದ ಮಕ್ಕಳು ಜಗಳದ ನಡುವೆ ಎದುರಿನವರ ಬಾಯಿಯನ್ನೇ ನೋಡುತ್ತ ನಿಂತಿರುತ್ತಾರೆ. ಬೈದವರೇ ಬೇಸತ್ತು ಮನೆಗೆ ಹೋಗುತ್ತಾರೆ. ಕೈಗೆ ಸಿಗದ ವಸ್ತುವಾದರೆ, ಕೇಳುವವರ ಹತ್ತಿರ ಆಗಲೇ ಇರುವ ಮಾತುಗಳನ್ನು ಒಂದರ ಮೇಲೊಂದು ಇಟ್ಟು ಹೊಸದನ್ನು ಕಟ್ಟಿಕೊಡಬೇಕು. ಇದ್ದವರಿಗೆ ಇನ್ನಷ್ಟು ಕೊಡುವುದು ಸುಲಭ, ಇಲ್ಲದವರಿಗೆ ಒಂದನ್ನು ಕೊಡುವುದೂ ಕಷ್ಟ.

ಹಾಲವ್ವ ಇಲ್ಲದವರ ಪೈಕಿ. ಅವಳು ನನ್ನ ಅಣ್ಣ ಮೈಲಾರಿಯ ಹೆಂಡತಿ, ನನಗೆ ವೈನಿ. ಊರಾಚೆಯ ಸುಣ್ಣದ ಭಟ್ಟಿಯಲ್ಲಿ ಬೆಳೆದವಳು. ಅವಳನ್ನು ಹೆತ್ತ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡಿದ್ದಳು. ಅಪ್ಪ ದಿನವಿಡೀ ಭಟ್ಟಿಯ ಮುಂದೆ ಗುಂಯ್‌ಗುಡುತ್ತ ಕೂತಿರುತ್ತಿದ್ದನೇ ಹೊರತು ಮಗಳ ಕೈ ಹಿಡಿದು ಇದು ಇಂಥದ್ದು ಎಂದು ತೋರಿಸಿದವನಲ್ಲ. ಬೆಂಕಿ, ಸುಣ್ಣ, ಕಲ್ಲು, ಕತ್ತೆ, ರೊಟ್ಟಿ, ನೀರು, ಬಾ, ಹೋಗು, ಇಂಥ ಕೆಲವು ಮಾತುಗಳನ್ನಷ್ಟೇ ಸೆರಗಿಗೆ ಕಟ್ಟಿಕೊಂಡು ಅವಳು ನಮ್ಮ ಮನೆಗೆ ಬಂದಳು. ಹೊಸ ಸೊಸೆಗೆ ಉಡಿ ತುಂಬುವಾಗ ಓಣಿಯ ಹೆಂಗಸರು ಅಕ್ಕಿಯ ಜೊತೆ ಒಂದೊಂದು ಮಾತನ್ನೂ ಕೊಡುವುದು ನಮ್ಮ ಪದ್ಧತಿ. ಆದರೆ ಯಾರು ಏನು ಅಂದರೂ ಹಾಲವ್ವ ನಗುತ್ತ ತಲೆ ಆಡಿಸಿದಳು. ಇವಳಿಗೆ ಎಲ್ಲ ಗೊತ್ತಿದೆ ಎಂದುಕೊಂಡು ಅವರು ಅಕ್ಕಿ ಮಾತ್ರ ಹಾಕಿ ಎದ್ದರು. ಉಂಡೆ ಎಂದವರ ಎಲೆಗೆ ಯಾರು ಬಡಿಸುತ್ತಾರೆ?

ನನ್ನ ಅಣ್ಣನಾದರೋ ಮಾತಿನ ಮಲ್ಲ. ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ ಅವನು ದಾಟುವವರಿಂದೆಲ್ಲ ಮಾತು ಇಸಿದುಕೊಂಡು ಮನೆಗೆ ಬರುತ್ತಿದ್ದ. ಸಂಜೆ ಕಟ್ಟೆಯ ಮೇಲೆ ಹೆಂಡತಿಯನ್ನು ಎದುರಿಗೆ ಕೂಡಿಸಿಕೊಂಡು ಹೇಳಿದ್ದೇ ಹೇಳಿದ್ದು. ಅವಳು ಮೊಣಕಾಲ ಮೇಲೆ ಗದ್ದ ಇಟ್ಟು ಅವನ ಮುಖವನ್ನೇ ನೋಡುತ್ತ ಕೇಳುತ್ತಿದ್ದಳು. 'ನನ್ನ ಮಾತು ಕೇಳೋರು ಅಂದ್ರ ಈಕಿ ಒಬ್ಬಾಕಿ ನೋಡವ್ವಾ' ಎಂದು ಅವ್ವನ ಮುಂದೆ ಅಣ್ಣ ಹಿಗ್ಗುತ್ತಿದ್ದ.

ಆ ವರ್ಷ ಹೊಳೆ ಭಾರಿ ತುಂಬಿತು. ಹಾಗೆ ತುಂಬಿದಾಗ ಮಾತ್ರ ಕೆಳಗಿನ ಸೀಮೆಯ ಉಪ್ಪಿನ ದೋಣಿಗಳು ನಮ್ಮ ಊರಿನ ತನಕ ಬರುತ್ತವೆ. ಉಪ್ಪು ಇಳಿಸಿ ವಾಪಸು ಹೊರಟಾಗ ದೋಣಿ ನೂಕಲು ಅವರಿಗೊಬ್ಬ ಜಲ್ಲೆ ಹಾಕುವವ ಬೇಕಾಗಿದ್ದ. ಅಣ್ಣ ಹೊರಟ. ಆ ಜನರ ಜೊತೆ ಬೆರೆತು ಅವರ ಊರು, ಅವರ ನೀರು, ಎಲ್ಲದರ ಮಾತನ್ನೂ ಆಗಲೇ ಕಲಿತುಬಿಟ್ಟಿದ್ದ. ಅವನನ್ನು ಕಳಿಸಲು ಹೊಳೆಯ ಮೆಟ್ಟಿಲ ತನಕ ಹೋದವಳು ಹಾಲವ್ವ ಒಬ್ಬಳೇ. ವಾಪಸು ಬಂದಾಗ ಅವ್ವ ಕೇಳಿದಳು, 'ಏನಂದ ಹೋಗೂ ಮುಂದ?'

'ಬರ್ತೀನಿ ಅಂದ್ರು ಅತ್ತಿ' ಎಂದು ಹೇಳಿ ಹಾಲವ್ವ ಒಳಗೆ ಹೋದಳು.

ನೀರು ಇಳಿಯಿತು. ಅಣ್ಣ ಬರಲಿಲ್ಲ. ಮುಂದಿನ ಮಳೆಗಾಲಕ್ಕೆ ಹೊಳೆ ಮೊಣಕಾಲು ಮಟ್ಟ ಬಂದು ಹೋಯಿತು, ಉಪ್ಪಿನ ದೋಣಿಗಳ ಸುಳಿವಿಲ್ಲ. ಆಗ ವೈನಿಯಲ್ಲಿ ಒಂದು ಬದಲಾವಣೆ ಕಂಡಿತು. ತಲೆ ಆಡಿಸುವುದನ್ನು ಬಿಟ್ಟು ಕೇಳತೊಡಗಿದಳು. ಮೊರ ಹಿಡಿದು 'ಇದಕ್ಕೇನಂತಾರ' ಎಂದಳು, ಜಂತಿ ತೋರಿಸಿ ಕೇಳಿದಳು. ಹೇಳುವಾಗ ನನ್ನ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದಳು. ಹೇಳಿ ಮುಗಿಸಿದರೆ ಅವಳ ಮುಖ ಸಣ್ಣದಾಗುತ್ತಿತ್ತು. ಹೊಸ ಮಾತು ಸಿಕ್ಕಿದ್ದಕ್ಕೆ ಯಾರಾದರೂ ಹಾಗೆ ಬೇಸರಪಡುತ್ತಾರೆಯೇ ಎಂದು ನನಗೆ ಅಚ್ಚರಿ.

ಒಂದು ದಿನ ಕುರಿ ಕಾಯುವವನೊಬ್ಬ ನಮ್ಮ ಕಟ್ಟೆಯ ಮೇಲೆ ನೀರು ಕುಡಿಯಲು ಕೂತಿದ್ದ. ಕುರಿ ಎಲ್ಲಿ ಬಿಟ್ಟು ಬಂದೆ ಎಂದು ನಾನು ಕೇಳಿದ್ದಕ್ಕೆ ಅವನೇನೋ ಅಂದ. ಹಾಲವ್ವನ ಕೈಯಲ್ಲಿದ್ದ ತಂಬಿಗೆ ಕೆಳಗೆ ಬಿತ್ತು. 'ಇನ್ನೊಮ್ಮೆ ಹೇಳು, ಯಣ್ಣಾ' ಎಂದಳು. ಅವನು ಎರಡೂ ಅಂಗೈಗಳನ್ನು ಗುಡ್ಡಗಳಂತೆ ಎದುರುಬದುರು ಹಿಡಿದು ನಡುವಿನ ಜಾಗ ತೋರಿಸಿ ಮಾತು ಕೊಟ್ಟ. ಕಣಿವೆ. ಮರುದಿನ ಬೆಳಿಗ್ಗೆ ಅವಳು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಮದುವೆಯ ಸೀರೆ ಉಟ್ಟು, ರೊಟ್ಟಿ ಕಟ್ಟಿಕೊಂಡು ಯಾರಿಗೂ ಹೇಳದೆ ಹೊರಟಳು. ನಾನು ಹಿಂದೆಯೇ ಹೋದೆ.

ಸುಣ್ಣದ ಭಟ್ಟಿಯಾಚೆ, ಗುಡ್ಡಗಳ ನಡುವೆ ಒಂದು ಬಂಡೆಯ ಮೇಲೆ ಅವಳು ಕೂತಿದ್ದಳು. ಬಿಸಿಲೇರಿತು. ಕುರಿಗಳು ಬಂದು ಅವಳ ಸುತ್ತ ಮೇದು ಹೋದವು. ಹೊತ್ತು ವಾಲಿದಾಗ ನನಗೆ ತಡೆಯಲಾಗದೆ ಹತ್ತಿರ ಹೋಗಿ ಕೂತೆ.

'ಯಾರನ್ನ ಕಾಯಾಕತ್ತೀರಿ ವೈನಿ?'

'ನಿಮ್ಮಣ್ಣನ್ನ.'

'ಇಲ್ಲಿ ಯಾಕ ಬರ್ತಾನ ಅವ?'

ಅವಳು ರೊಟ್ಟಿಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಹೇಳಿದಳು: 'ಕಾಶೀ, ಅವರು ನನ್ನ ಕರದಾರ. ನೀರಿಳಿದ ಮ್ಯಾಲೆ ನೀ ಬಾ, ನಾ ಅಲ್ಲೇ ಇರ್ತೀನಿ ಅಂದ್ರು. ಎಲ್ಲಿಗೆ ಅಂದ್ರೋ ಅದು ಕೇಳಿಸಲಿಲ್ಲ. ತುಟಿ ಅಷ್ಟ ಕಂಡ್ವು. ಬಾಯಿ ತೆರೀತು, ನಾಲಿಗಿ ಮ್ಯಾಲೆ ಮಡಚಿತು, ಹಲ್ಲು ಕೆಳತುಟಿಗೆ ತಾಗಿತು. ಕಣಿವಿ ಅಂದಾಗ ಹಂಗs ಕಂಡಿತ್ತು.'

'ಅವಾಗs ಕೇಳಬೇಕಿಲ್ಲೇನ್ರಿ?'

'ಏನಂತ ಕೇಳಲಿ? ಅವರು ಆಡೋದರಾಗ ಅರ್ಧಕ್ಕರ್ಧ ನನಗ ಕೇಳಿಸ್ತಿದ್ದಿಲ್ಲ. ಒಂದು ಕೇಳಿದ್ರ ಎಲ್ಲಾ ಗೊತ್ತಾಗಿಬಿಡ್ತಿತ್ತು. ಇಂಥಾಕಿನ್ನ ಕಟಗೊಂಡೆ ಅಂತ ಅನಸ್ತಿತ್ತು ಅವರಿಗೆ. ತಲಿ ಆಡಿಸಿದೆ.'

ಅಣ್ಣ ಎಲ್ಲೋ ಕಾಯುತ್ತಿದ್ದಾನೆ ಎಂದು ನನಗೆ ತಿಳಿದದ್ದು ಆ ಗುಡ್ಡಗಳ ನಡುವೆ. ಹೆಸರಿಲ್ಲದೆ ಕೆಳಗಿನ ಸೀಮೆಯಲ್ಲಿ ಎಲ್ಲೆಂದು ಹುಡುಕುವುದು? ಬೈಯಬೇಕೆಂದು ಬಾಯಿ ತೆರೆದೆ. ಅವಳು ಬಿಚ್ಚದ ರೊಟ್ಟಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅವಳ ಕೈ ಹಿಡಿದು ಎಬ್ಬಿಸಿ ದಾರಿಯಲ್ಲಿ ಸಿಕ್ಕಿದ್ದಕ್ಕೆಲ್ಲ ಹೆಸರು ಹೇಳುತ್ತ ಊರಿಗೆ ಕರೆದುಕೊಂಡು ಬಂದೆ.

ಅಲ್ಲಿಂದ ಮುಂದೆ ಹಾಲವ್ವ ಬೀದಿಗೆ ಬಿದ್ದಳು ಎಂದೇ ಊರು ಆಡಿಕೊಂಡಿತು. ಕುಂಬಾರರ ಮನೆಗೆ ಹೋಗಿ ಮಣ್ಣು ತುಳಿದು ಕೊಟ್ಟು ತಿರುಗುವ ತಿಗರಿ, ಗಡಿಗೆಯ ಕಂಠ, ಸುಡುವ ಆವಿಗೆ, ಈ ಮಾತುಗಳನ್ನು ತಂದಳು. ಕಮ್ಮಾರರ ತಿದಿ ಒತ್ತಿ ಅವರ ಮಾತು ತಂದಳು. ಸೂಲಗಿತ್ತಿ ಬೂಬಮ್ಮನ ಚೀಲ ಹೊತ್ತು ಮನೆಮನೆ ತಿರುಗಿದಳು. ಹೆರುವವರ ಸೊಂಟ ಹಿಡಿದು ಕೂತಲ್ಲಿ ಬೂಬಮ್ಮ ಅವಳಿಗೆ ಕೊಟ್ಟ ಮಾತುಗಳು ಆಗ ನನಗಂತೂ ಕೇಳಿಸುತ್ತಿರಲಿಲ್ಲ, ನಾನಿನ್ನೂ ಹೆತ್ತವಳಲ್ಲ. ಪ್ರತಿ ಮಾತು ಸಿಕ್ಕಾಗಲೂ ಅವಳು ಬಾಗಿಲಲ್ಲಿ ನಿಂತು ನಿಧಾನವಾಗಿ ಅಂದು ನೋಡುತ್ತಿದ್ದಳು, ನಾನು ಅವಳ ತುಟಿ ನೋಡಿ ಹೇಳಬೇಕು, ಹಲ್ಲು ತಾಗಿತೋ ಇಲ್ಲವೋ. ತಾಗುತ್ತಿರಲಿಲ್ಲ. ತಾಗಿದರೂ ನಾಲಿಗೆ ಮಡಚುತ್ತಿರಲಿಲ್ಲ. 'ಇದೂ ಅಲ್ಲ' ಎಂದು ಅವಳು ಒಲೆಯ ಮುಂದೆ ಕೂಡುತ್ತಿದ್ದಳು.

ಬೇಡದ ಮಾತುಗಳೇ ಹೀಗೆ ಮನೆ ತುಂಬಿದವು. ಆದರೆ ಅವು ಸುಮ್ಮನೆ ಕೂಡುವುದಿಲ್ಲವಲ್ಲ. ಬಾವಿಕಟ್ಟೆಯಲ್ಲಿ ಯಾರೋ ನಗೆಮಾತಾಡಿದರೆ ಹಾಲವ್ವ ಎಲ್ಲರಿಗಿಂತ ಮೊದಲು ನಕ್ಕಳು. ಮುಂಚೆ ಎಲ್ಲರೂ ನಕ್ಕ ಮೇಲೆ ನಗುತ್ತಿದ್ದವಳು. ಅವ್ವ ಹಾಡಿಕೊಂಡು ಬೀಸುವಾಗ ಹಾಡಿನ ನಡುವೆ ಬೀಸುಕಲ್ಲು ಹಿಡಿದು ನಿಲ್ಲಿಸಿ, 'ಇದರಾಗ ಇಷ್ಟು ದುಃಖ ಐತೇನ್ರಿ ಅತ್ತಿ?' ಎಂದು ಕೇಳಿದಳು. ಒಂದು ಮಧ್ಯಾಹ್ನ ಅಪ್ಪನನ್ನು ನೋಡಲು ಭಟ್ಟಿಗೆ ಹೋದವಳು ಮುಖ ಕೆಂಪಾಗಿ ಓಡಿಬಂದಳು.

'ನಮ್ಮಪ್ಪ ಮೂಕ ಅಲ್ಲ, ಕಾಶಿ. ಅವ ಗುಂಯ್‌ಗುಟ್ಟೋದು ಮಾತು. ದಿನಾ ತೀರಿಹೋದ ನಮ್ಮವ್ವನ ಕೂಡ ಮಾತಾಡ್ತಾನ. ಬಾಣಂತಿ ನಿನ್ನ ಥಂಡ್ಯಾಗ ಬಿಟ್ಟು ಕಲ್ಲು ತರಾಕ ಹೋಗಬಾರದಿತ್ತು ಅಂತಾನ. ಹುಟ್ಟಿದಾಗಿಂದ ಅವನ ಬಗಲಾಗ ಕುಂತು ರೊಟ್ಟಿ ತಿಂದೀನಿ. ಕೆಮ್ಮು ಅಂತ ತಿಳದಿದ್ದೆ.'

ಆ ದಿನದಿಂದ ಅವಳು ವಾರಕ್ಕೊಮ್ಮೆ ಭಟ್ಟಿಗೆ ಹೋಗಿ ಅಪ್ಪನ ಎದುರಿಗೆ ಕೂತು ಉತ್ತರ ಕೊಡುತ್ತಿದ್ದಳು. ಅವನು ಮೊದಮೊದಲು ಬೆಚ್ಚಿದನಂತೆ.

ಮಳೆಗಾಲಗಳು ಹೋದವು. ಊರ ಹಿರಿಯರು ಬಂದು ಅವ್ವನ ಹತ್ತಿರ ಉಡಿಕಿಯ ಮಾತು ತೆಗೆದರು. ಗಂಡ ಬಿಟ್ಟವಳಿಗೆ ನಮ್ಮಲ್ಲಿ ಎರಡನೆಯ ಮದುವೆ ಮಾಡುತ್ತಾರೆ. ಅವ್ವ ಸೊಸೆಯನ್ನು ಹತ್ತಿರ ಕೂಡಿಸಿಕೊಂಡು, 'ಅವ ಬರೂದಿಲ್ಲವ್ವಾ. ನನ್ನ ಮಗ, ನಾನs ಹೇಳಾಕತ್ತೀನಿ. ನಿನ್ನ ವಯಸ್ಸು ಹಿಂಗ ಕಳೀಬ್ಯಾಡ' ಎಂದಳು.

'ಅವರು ಬರ್ತೀನಿ ಅಂದೇ ಇಲ್ಲ ಅತ್ತಿ' ಎಂದಳು ಹಾಲವ್ವ. 'ನಾನs ಸುಳ್ಳು ಹೇಳಿದ್ದೆ. ನನ್ನ ಕರದು ಹೋಗ್ಯಾರ.' ನಡೆದದ್ದನ್ನೆಲ್ಲ ಹೇಳಿದಳು. ಅವ್ವ ಎದ್ದು ಹಿತ್ತಲಿಗೆ ಹೋದಳು. ಸಂಜೆತನಕ ಒಳಗೆ ಬರಲಿಲ್ಲ. ಬಂದಮೇಲೆ ಉಡಿಕಿಯ ಸುದ್ದಿ ಎತ್ತಲಿಲ್ಲ. ಸೊಸೆಯ ಜೊತೆ ಬೇರೆ ಮಾತನ್ನೂ ಆಡಲಿಲ್ಲ, ಬಹಳ ದಿನ.

ಕೊನೆಗೊಮ್ಮೆ ಹೊಳೆ ತುಂಬಿತು. ಮೆಟ್ಟಿಲು ಮುಳುಗಿ ಆಲದ ಬುಡ ಮುಟ್ಟಿದ ದಿನ ಉಪ್ಪಿನ ದೋಣಿಗಳು ಬಂದವು. ಈ ಸಲ ಅವರಲ್ಲಿ ಸುಕ್ರಿ ಅನ್ನುವ ಹೆಂಗಸೂ ಇದ್ದಳು, ಕುತ್ತಿಗೆ ತುಂಬ ಮಣಿಸರ ಹಾಕಿಕೊಂಡವಳು. ಹಾಲವ್ವ ಚೀಲಕ್ಕೆ ಕೈ ಕೊಡುವ ನೆಪದಲ್ಲಿ ಹತ್ತಿರ ಹೋಗಿ ಎಲ್ಲಿಂದ ಬಂದಿರಿ ಎಂದು ಕೇಳಿದಳು. ಸುಕ್ರಿಯ ಬಾಯಿ ತೆರೆಯಿತು, ನಾಲಿಗೆ ಮಡಚಿತು, ಹಲ್ಲು ತುಟಿಗೆ ತಾಗಿತು. ನಾನೂ ನೋಡಿದೆ. ಹಾಲವ್ವ ಅವಳ ಎರಡೂ ಕೈ ಹಿಡಿದುಕೊಂಡಳು.

'ಅದನ್ನ ನನಗ ಕೊಡವ್ವಾ. ನೀ ಕೇಳಿದ್ದು ಕೊಡ್ತೀನಿ.'

ಸುಕ್ರಿ ನಕ್ಕಳು. 'ಎಂತ ಕೊಡೂದೆ ನೀನು. ಕೂತ್ಕೊ. ಈ ಊರಿನವ್ರಿಗೆ ಅದ್ನ ಕೊಡೂಕೆ ಎಷ್ಟೋ ಜನ ನೋಡಿದ್ರು, ಹೆಚ್ಚಿನವ್ರಿಗೆ ಆಗ್ಲಿಲ್ಲ. ನಿಂಗೆ ಯಾವ ಯಾವ ಮಾತು ಉಂಟು ಹೇಳು.'

ಉಪ್ಪಿನ ಮೂಟೆಗಳ ಮೇಲೆ ಇಬ್ಬರೂ ಎದುರುಬದುರು ಕೂತರು. ಮೊದಲು ಇನ್ನೊಂದು ಮಾತು ಕಟ್ಟಬೇಕಾಗಿತ್ತು, ಕಡಲು. ಉಪ್ಪು ಕರಗಿದ ನೀರು ಎಂದಳು ಸುಕ್ರಿ. ಆಕಾಶ ಬಂದು ನೆಲಕ್ಕೆ ತಾಗುವ ಗೆರೆಯ ತನಕ ಬಯಲು ಇದೆಯಲ್ಲ, ಅಷ್ಟೂ ನೀರು ಎಂದಳು. ಆದರೆ ಆ ನೀರು ಸುಮ್ಮನೆ ಇರುವುದಿಲ್ಲ, ಅದನ್ನು ಹೇಗೆ ಹೇಳುವುದು ಎಂದು ಅವಳು ಕೈಯನ್ನು ಎತ್ತಿ ಇಳಿಸಿ ಒದ್ದಾಡುತ್ತಿದ್ದಾಗ ಹಾಲವ್ವನೇ ಒಂದು ಮಾತು ಅಂದಳು. ನನಗೆ ದನಿಯಷ್ಟೇ ಬಂತು. ಮುಂದೆ ನಾನು ತಾಯಾಗುವಾಗ ಬೂಬಮ್ಮ ಅದನ್ನು ನನಗೂ ಕೊಟ್ಟಳು, ಬ್ಯಾನಿ, ಹೆರಿಗೆಯ ನೋವು. ಉಬ್ಬಿ ಬರುವುದು, ಒಡೆಯುವುದು, ಹಿಂದೆ ಸರಿಯುವುದು, ಮತ್ತೆ ಬರುವುದು. 'ಹೌದೆ, ಅದೇ' ಎಂದು ಸುಕ್ರಿ ತೊಡೆ ತಟ್ಟಿದಳು. ಕಡಲು ಬಂದ ಮೇಲೆ ಉಳಿದದ್ದು ಕಷ್ಟವಾಗಲಿಲ್ಲ. ಗಡಿಗೆಯ ಕಂಠ ದಾಟಿದ ಮೇಲೆ ಬಾಯಿ ಹೇಗೆ ಅಗಲವಾಗುತ್ತದೋ ಹಾಗೆ ಹೊಳೆ ಬಾಯಿ ಅಗಲಿಸಿ ಕಡಲಿಗೆ ಬೀಳುವ ಜಾಗ. ಸಿಹಿನೀರೂ ಉಪ್ಪುನೀರೂ ಒಂದನ್ನೊಂದು ನೂಕುವ ಜಾಗ.

ಸುಕ್ರಿ ಅಂದ ಹಿಂದೆಯೇ 'ಅಳಿವೆ' ಎಂದಳು ಹಾಲವ್ವ.

ನನಗಿನ್ನೂ ದನಿಯಷ್ಟೇ ಬರುತ್ತಿತ್ತು, ಅವಳ ಮುಖ ನೋಡಿ ಅವಳಿಗೆ ಕೇಳಿಸಿತೆಂದು ತಿಳಿದೆ. ಅವಳು ಅದನ್ನು ಮತ್ತೆ ಮತ್ತೆ ಅಂದಳು, 'ನೀರಿಳಿದ ಮ್ಯಾಲೆ ನೀ ಅಳಿವಿಗೆ ಬಾ' ಎಂದು ಪೂರ್ತಿಯಾಗಿ, ಗಂಡನ ದನಿಯಲ್ಲಿ. ಆಮೇಲೆ ಕೇಳಿದಳು, ಅಲ್ಲಿ ಮೈಲಾರಿ ಅನ್ನುವವರು ಇದ್ದಾರೆಯೇ. ಆ ಹೆಸರು ಸುಕ್ರಿಗೆ ಗೊತ್ತಿರಲಿಲ್ಲ. 'ದೋಣಿ ದಾಟಿಸೂ ಮನುಷ್ಯ ಒಬ್ಬ ಉಂಟು, ಮೇಲ್ಹೊಳೆಯವ ಅಂತೇ ಕರೀತ್ರು. ಯಾರ ಕೂಡೆಯೂ ಮಾತಿಲ್ಲ.'

ಯಾರ ಕೂಡೆಯೂ ಮಾತಿಲ್ಲದವನು ನನ್ನ ಅಣ್ಣ ಹೇಗಾದಾನು ಎಂದುಕೊಂಡೆ. ಆದರೂ ದೋಣಿಗಳು ಹೊರಟಾಗ ನಾವಿಬ್ಬರೂ ಹತ್ತಿದೆವು. ಅವ್ವ ಮೆಟ್ಟಿಲ ತನಕ ಬರಲಿಲ್ಲ. ಅಷ್ಟು ದಿನದ ಮೇಲೆ ಮೊದಲ ಸಲ ಸೊಸೆಯನ್ನು ಕರೆದು ತಲೆಗೆ ಎಣ್ಣೆ ಒತ್ತಿ, ಬುತ್ತಿ ಕೊಟ್ಟಳು.

ಅಳಿವೆ ನನಗೆ ಕೇಳಿಸಿದ್ದು ಅದನ್ನು ಕಣ್ಣಾರೆ ಕಂಡಾಗ. ಹೊಳೆ ಅಷ್ಟು ದೂರ ನಮ್ಮ ಜೊತೆ ಬಂದು ಅಲ್ಲಿ ಇಲ್ಲವಾಗಿಬಿಟ್ಟಿತು. ಮರಳ ದಿಬ್ಬದ ಹತ್ತಿರ ಒಬ್ಬ ಮನುಷ್ಯ ದೋಣಿಯ ಬಿರುಕಿಗೆ ನಾರು ತುಂಬುತ್ತಿದ್ದ. ನರೆತ ಗಡ್ಡ. ಅವನು ಮೊದಲು ಗುರುತು ಹಿಡಿದದ್ದು ನನ್ನನ್ನು, 'ಕಾಶಿ' ಎಂದ. ಆಮೇಲೆ ಅವಳನ್ನು ನೋಡಿ ಮತ್ತೆ ನಾರು ಕೈಗೆತ್ತಿಕೊಂಡ.

'ಈಗ ಬಂದಿ' ಎಂದ.

'ಈಗ ಗೊತ್ತಾತು' ಎಂದಳು ಹಾಲವ್ವ.

'ಅವಾಗ ತಲಿ ಆಡಿಸಿದ್ದಿ.'

'ತಲಿ ಆಡಿಸೋದೊಂದು ಬರ್ತಿತ್ತು ನನಗ. ಎಲ್ಲಿಗಂತ ಕೇಳಿಸಿದ್ದಿಲ್ಲ.'

ಅವನು ನಾರನ್ನು ಕೆಳಗಿಟ್ಟ. ಒಂದೊಂದಾಗಿ ಏನೇನೋ ಅವನಿಗೆ ಅರ್ಥವಾಗುತ್ತಾ ಹೋದದ್ದು ಅವನ ಮುಖದಲ್ಲಿ ಕಾಣುತ್ತಿತ್ತು. 'ಅಂದ್ರ, ಕಟ್ಟಿ ಮ್ಯಾಲೆ ಕುಂತು ನಾ ಹೇಳಿದ್ದೆಲ್ಲಾ?'

'ಅರ್ಧಕ್ಕಿಂತ ಹೆಚ್ಚು ಕೇಳಿಸಿಲ್ಲ.'

'ಮತ್ತ ಅಷ್ಟು ಹೊತ್ತು ಎದುರಿಗೆ ಕುಂತು ಏನ ಕೇಳ್ತಿದ್ದಿ?'

'ನಿಮ್ಮ ದನಿ.'

ಅಣ್ಣ ದೋಣಿಯ ಅಂಚಿನ ಮೇಲೆ ಕೂತುಬಿಟ್ಟ. ಹಾಲವ್ವ ಅವನ ಎದುರಿಗೆ ಮರಳಲ್ಲಿ ಕೂತಳು. 'ಈಗ ಹೇಳ್ರಿ' ಎಂದಳು. 'ಅವಾಗ ಏನೇನ ಹೇಳಿದ್ರೋ ಎಲ್ಲಾ ಹೇಳ್ರಿ. ಈಗ ನನಗ ಕೇಳಸ್ತದ.'

ಅವನು ಬೆರಳಿಗಂಟಿದ ನಾರಿನ ಎಳೆಗಳನ್ನು ಒಂದೊಂದಾಗಿ ಬಿಡಿಸಿದ. 'ನೆನಪಿಲ್ಲ, ಹಾಲವ್ವಾ. ನೀ ಬರ್ತೀನಿ ಅಂತ ತಲಿ ಆಡಿಸಿ ಬರಲಿಲ್ಲ ಅಂತ ಸಿಟ್ಟು ಹಿಡದೆ. ಆಡೋದ ಬಿಟ್ಟೆ. ನಿನ್ನ ಮುಂದ ಏನಂದಿದ್ದೆ ಅನ್ನೋದೂ ಹೋತು.'

ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇಷ್ಟು ವರ್ಷ ಒಂದು ಮಾತಿನ ಹಿಂದೆ ತಿರುಗಿ ಅದನ್ನು ಪಡೆದಳು. ಅದರ ಹಿಂದಿನ ನೂರಾರು ಸಂಜೆಯ ಮಾತು ಅವಳಿಗಾಗಿಯೇ ಆಡಿದ್ದು, ಯಾರ ಹತ್ತಿರವೂ ಉಳಿದಿರಲಿಲ್ಲ. ಅಣ್ಣ ಏನು ಮಾಡಬೇಕೆಂದು ತಿಳಿಯದೆ ನೀರಿನ ಕಡೆ ಕೈ ತೋರಿಸಿ ಏನೋ ಅಂದ. ಅವಳು ಕಣ್ಣು ಒರೆಸಿಕೊಂಡಳು. 'ತಡೀರಿ. ಅದು ಕೇಳಿಸಲಿಲ್ಲ. ಏನದು?' ಅವನು ಅವಳನ್ನು ನೀರಿನ ಅಂಚಿಗೆ ಕರೆದುಕೊಂಡು ಹೋದ. ನಾನು ಸುಕ್ರಿಯ ಗುಡಿಸಲ ಕಡೆ ತಿರುಗಿದೆ.

ಹಾಲವ್ವ ಅಲ್ಲಿಯೇ ಉಳಿದಳು. ನೀರಿಳಿದ ಮೇಲೆ ನಾನು, ನಮ್ಮ ಊರಿಗೆ ಬಾರದೆ ಆಚೆ ಹೋಗುವ ಉಪ್ಪಿನ ಎತ್ತಿನವರ ಜೊತೆ ಕವಲುದಾರಿಯ ತನಕ ನಡೆದು ಊರಿಗೆ ಬಂದೆ. ದಾರಿಯುದ್ದಕ್ಕೂ ಹೊಸದೇನಾದರೂ ಕಂಡರೆ ಪಕ್ಕಕ್ಕೆ ತಿರುಗಿ ಹೆಸರು ಹೇಳುತ್ತಿದ್ದೆ, ಪಕ್ಕದಲ್ಲಿ ಎತ್ತು ಇರುತ್ತಿತ್ತು. ಕೇಳುವವರಿಲ್ಲದ ಮಾತಿಗೆ ಎಷ್ಟು ಭಾರವಿರುತ್ತದೆ ಎಂದು ಆ ದಾರಿಯಲ್ಲಿ ತಿಳಿಯಿತು.

ಅವ್ವ ಪಡಸಾಲೆಯಲ್ಲಿ ಜೋಳ ಕೇರುತ್ತಿದ್ದಳು. ನಾನೊಬ್ಬಳೇ ಬಂದದ್ದನ್ನು ನೋಡಿದಳು. 'ಅದಾನ?' ಎಂದಳು.

'ಅದಾನವ್ವಾ. ವೈನಿನೂ ಅಲ್ಲೇ ಅದಾರ.'

'ಎಲ್ಲಿ?'

'ಅಳಿವ್ಯಾಗ.'

ಅವ್ವ ನನ್ನ ತುಟಿ ನೋಡಿದಳು. ತನ್ನ ಮಗ ಇರುವ ಜಾಗದ ಹೆಸರನ್ನು ಕಣ್ಣಿನಿಂದ ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಅವಳು ಮೊರವನ್ನು ಬದಿಗಿಟ್ಟು ಗೋಡೆಗೆ ಒರಗಿ ಕೂತಳು. 'ಕೇಳಿಸಲಿಲ್ಲ. ಕೂಡು, ಹೇಳು' ಎಂದಳು.

ಹೇಳಿದೆ. ಹೇಳುತ್ತಾ ಹೇಳುತ್ತಾ ಬಿಸಿಲು ಪಡಸಾಲೆ ದಾಟಿ ಹೋಯಿತು. ನನ್ನ ಹತ್ತಿರ ಇದ್ದದ್ದು ಮುಗಿದು, ಅವಳ ಹತ್ತಿರ ಇದ್ದದ್ದನ್ನು ತೆಗೆಸಿ, ತಪ್ಪಿ, ಬಿಚ್ಚಿ, ಮತ್ತೆ ಕಟ್ಟಿದೆ. ಎಷ್ಟೋ ಹೊತ್ತಿನ ಮೇಲೆ ಅವ್ವನ ತುಟಿಗಳು ಆಡಿದವು, ಹಲ್ಲಿಲ್ಲದ ಬಾಯಿಗೆ ಆ ಮಾತು ಸರಿಯಾಗಿ ಒಗ್ಗಲಿಲ್ಲ. 'ನನ್ನ ಮಗ ಅಳಿವ್ಯಾಗ ಅದಾನ' ಎಂದಳು. ಇನ್ನೊಮ್ಮೆ ಗಟ್ಟಿಯಾಗಿ ಅಂದಳು.

ಬೀದಿಯಲ್ಲಿ ಕೊಡ ಹೊತ್ತು ಹೋಗುತ್ತಿದ್ದ ಪಕ್ಕದ ಮನೆಯ ದುರಗವ್ವ ನಿಂತಳು. 'ಎಲ್ಲಿ ಅದಾನಂದಿ ಯಕ್ಕಾ?'

ಅವ್ವ ಜೋಳದ ರಾಶಿಯನ್ನು ಸರಿಸಿ ಅವಳಿಗೂ ಜಾಗ ಮಾಡಿದಳು. 'ಕೊಡ ಇಳಿಸಿ ಬಾ. ಉಪ್ಪಿಂದ ಸುರು ಮಾಡಬೇಕು, ಹೊತ್ತಾಗತೈತಿ.'